ಚಿತ್ರ ಬಂತು, ಸ್ವರ ಎಲ್ಲಿ?

ಟಿವಿಯಲ್ಲಿ ಚಿತ್ರ ಕಾಣಿಸಿದ ಕೂಡಲೇ ನಾವೆಲ್ಲ "ಆಯ್ತು, ಕನೆಕ್ಟ್ ಆಯ್ತು" ಎಂದು ಕುರ್ಚಿ ಎಳೆದು ಕೂತುಬಿಡುತ್ತೇವೆ. ಸೌಂಡ್ ಬಾರದಿದ್ದರೆ ಅದೊಂದು ಸಣ್ಣ ತೊಂದರೆ. ಯಾರಾದರೂ ರಿಮೋಟ್ ಒತ್ತಿ ನೋಡುತ್ತಾರೆ, ಆಗದಿದ್ದರೆ ಹಾಗೆಯೇ ನೋಡುತ್ತೇವೆ. ಕಣ್ಣು ಸರಿಯಿರುವವರ ಲೆಕ್ಕ ಅದು. ಈ ಲೆಕ್ಕ ಹೊಂದದ ಒಬ್ಬ ಹುಡುಗ ನಮ್ಮ ಹಾಸ್ಟೆಲಿನಲ್ಲಿದ್ದಾನೆ. ಅವನಿಂದಾಗಿ ಕಂಪ್ಯೂಟರಿನ ಸೌಂಡ್ ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನು ನಾನು ಕಲಿಯಬೇಕಾಗಿ ಬಂತು. ಸಂಪಾದಕ ಮಂಡಳಿಯ ಗೆಳೆಯರು "ಅದನ್ನೇ ಬರೆದುಕೊಡು, ಎಲ್ಲರ ಮನೆಯಲ್ಲೂ ಇದೇ ಗೋಳು" ಎಂದರು. ಗೆಳೆಯನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಬೇಡ ಎಂದಿದ್ದಾನೆ.

ಅವನು ನನ್ನ ರೂಮ್‌ಮೇಟ್. ನಾನು ಸಿ.ಇ.ಬಿ.ಎ., ಅವನು ಎಚ್.ಇ.ಪಿ.ಎಸ್. ಅರ್ಥಶಾಸ್ತ್ರ ಇಬ್ಬರಿಗೂ ಇದೆ. ಅವನಿಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ. ಮೊದಲು ಸಂಜೆಗತ್ತಲಲ್ಲಿ ಕಣ್ಣು ಕಾಣದಾಗುತ್ತದೆ, ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ. ಈಗ ಅವನಿಗೆ ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎಂಬುದಷ್ಟೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ಅವನು ಹೇಳುತ್ತಾನೆ, ಬೇರೊಬ್ಬರು ಬರೆಯುತ್ತಾರೆ.

ಅವನ ಓದೆಲ್ಲ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. ಪರದೆಯ ಮೇಲೆ ಏನಿದೆ ಎಂಬುದನ್ನು ಅದು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅದನ್ನು ಶುರುಮಾಡಿದರು, ಬೇಗನೆ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ತಮಗೆ ಬೇಕಾದದ್ದನ್ನು ತಾವೇ ಮಾಡಿ, ಎಲ್ಲರಿಗೂ ಉಚಿತವಾಗಿ ಕೊಟ್ಟರು. ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದರೆ ನಮ್ಮ ಗೆಳೆಯನಂಥವರ ಗತಿ ಏನಾಗುತ್ತಿತ್ತೋ.

ನಮ್ಮ ಅರ್ಥಶಾಸ್ತ್ರದ ಸರ್ ಅವನಿಗಾಗಿಯೇ ತರಗತಿಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ ಕೊಡುತ್ತಿದ್ದರು. ವರ್ಷವಿಡೀ ಕೊಟ್ಟದ್ದು ಸೇರಿ ನಲವತ್ತಕ್ಕೂ ಹೆಚ್ಚು ವೀಡಿಯೊಗಳು. ಅವನು ಎಲ್ಲವನ್ನೂ ಅಧ್ಯಾಯದ ಪ್ರಕಾರ ಫೋಲ್ಡರುಗಳಲ್ಲಿ ಇಟ್ಟಿದ್ದ. ಅಷ್ಟೇ ಅಲ್ಲ, ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಯಾವ ವಿಷಯ ಎಷ್ಟನೇ ನಿಮಿಷದಲ್ಲಿ ಬರುತ್ತದೆ ಎಂದು ಬರೆದಿಟ್ಟಿದ್ದ. "ಸ್ಥಿತಿಸ್ಥಾಪಕತ್ವ ಎಲ್ಲಿ ಉಂಟು?" ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದ. ನಮ್ಮ ನೋಟ್ಸಿನಲ್ಲಿ ಅದನ್ನು ಹುಡುಕಲು ಹತ್ತು ನಿಮಿಷ ಬೇಕು.

ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲಿನ ಸ್ಟಡಿ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ರಿವಿಜನ್ ಮಾಡುವುದೆಂದು ಮಾತಾಯಿತು. ಆ ವೀಡಿಯೊಗಳನ್ನು ಹಾಲಿನ ಟಿವಿಯಲ್ಲಿ ಹಾಕುವುದು, ನಡೆಸುವವನು ಅವನು. ಎರಡು ವರ್ಷದಲ್ಲಿ ನಾವು ಅವನಿಗೆ ಓದಿ ಹೇಳಿದ್ದೇವೆ, ಮೆಟ್ಟಿಲು ಬಂದಾಗ ಕೈ ಕೊಟ್ಟಿದ್ದೇವೆ. ಅವನ ಮುಂದೆ ಇಪ್ಪತ್ತು ಜನ ಪಾಠಕ್ಕೆ ಕೂರುವುದು ಇದೇ ಮೊದಲು. ಆ ದಿನ ಮಧ್ಯಾಹ್ನದಿಂದಲೇ ಅವನು ಫೈಲುಗಳನ್ನು ಸರಿಮಾಡಿಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಬೇರೆ.

ಟಿವಿ ಗೋಡೆಗೆ ಒತ್ತಿಕೊಂಡಂತೆ ಇದೆ. ಹಿಂದಿನ ಎಚ್‌ಡಿಎಂಐ ತೂತಿಗೆ ಕೈ ಹೋಗುವುದಿಲ್ಲ, ಹಾಗಾಗಿ ವೈರ್ ಇಲ್ಲದೆಯೇ ಕಳಿಸಬೇಕು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುರುತಿನ ಕೀಯನ್ನು ಒತ್ತಿ ಹಿಡಿದು ಕೆ ಒತ್ತಿದರೆ ಹತ್ತಿರದ ಟಿವಿಗಳ ಪಟ್ಟಿ ಬರುತ್ತದೆ. ಇದರ ಹೆಸರು ಮಿರಾಕಾಸ್ಟ್, 2012ರಲ್ಲಿ ಬಂದದ್ದು. ಇದಕ್ಕೆ ಇಂಟರ್‌ನೆಟ್ ಬೇಡ, ಹಾಸ್ಟೆಲಿನ ವೈಫೈ ಪಾಸ್‌ವರ್ಡೂ ಬೇಡ. ಲ್ಯಾಪ್‌ಟಾಪ್ ಮತ್ತು ಟಿವಿ ನೇರವಾಗಿ ತಮ್ಮತಮ್ಮಲ್ಲೇ ವೈಫೈ ಸಂಪರ್ಕ ಮಾಡಿಕೊಳ್ಳುತ್ತವೆ. ನೆಟ್ ಇಲ್ಲದ ಕಡೆ ಇದು ದೊಡ್ಡ ಅನುಕೂಲ.

ಇಶಾ ನಮಾಝ್ ಮುಗಿದು ಊಟವೂ ಆಗಿ ಎಲ್ಲರೂ ಬಂದು ಕೂತಿದ್ದರು. ಚಿತ್ರ ಬಂತು. ಕಪ್ಪು ಹಲಗೆ, ಸರ್, ಬೇಡಿಕೆ ರೇಖೆ, ಎಲ್ಲ ಸ್ಪಷ್ಟವಾಗಿ ಕಾಣಿಸಿತು. ಸರ್ ಬಾಯಿ ಆಡಿಸುತ್ತಿದ್ದರು. ಸ್ವರ ಇಲ್ಲ.

ಆಮೇಲೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಒಬ್ಬ ರಿಮೋಟಿನಲ್ಲಿ ವಾಲ್ಯೂಮ್ ನೂರಕ್ಕೆ ಏರಿಸಿದ. ಇನ್ನೊಬ್ಬ ಟಿವಿ ಆಫ್ ಮಾಡಿ ಆನ್ ಮಾಡಿದ. ಮತ್ತೊಬ್ಬ "ವಿಂಡೋಸ್ ಹಳೇದಾಗಿದೆ, ಫಾರ್ಮ್ಯಾಟ್ ಮಾಡ್ಬೇಕು" ಎಂದ. ಎಲ್ಲ ತರಗತಿಯಲ್ಲೂ ಇಂಥವನೊಬ್ಬ ಇರುತ್ತಾನೆ. ಅಂಗಾಲಿಗೆ ಮುಳ್ಳು ಚುಚ್ಚಿದರೂ ಅವನ ಪ್ರಕಾರ ಫಾರ್ಮ್ಯಾಟ್ ಮಾಡಬೇಕು.

ಹತ್ತು ನಿಮಿಷ ಕಳೆಯಿತು. ಹಿಂದಿನಿಂದ ಯಾರೋ, "ಬೋರ್ಡ್ ಕಾಣ್ತದಲ್ಲ ಮಾರಾಯ, ಬರ್ಕೊಳ್ಳುವ. ಸೌಂಡ್ ಯಾಕೆ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೊತ್ತಾಗುತ್ತಿತ್ತು, ನಾಳೆ ಬೇರೆ ವಿಷಯ ಇತ್ತು. ಇನ್ನೊಬ್ಬ, "ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚುವ, ಸೌಂಡ್ ಬಂದೇ ಬರ್ತದೆ" ಎಂದ. ಅದು ನಿಜವೂ ಹೌದು. ಟಿವಿಯ ಪಕ್ಕದ ಯುಎಸ್‌ಬಿ ತೂತಿಗೆ ಕೈ ತಾಗುತ್ತದೆ, ಟಿವಿಯೇ ಫೈಲ್ ಓದುತ್ತದೆ.

ಗೆಳೆಯ ಕೇಳಿದ: "ಹಾಗಾದ್ರೆ ನಾನೆಂತ ಮಾಡುದು?"

ಟಿವಿಯ ಮೆನು ಮಾತಾಡುವುದಿಲ್ಲ. ಪೆನ್‌ಡ್ರೈವಿನ ಪಟ್ಟಿಯಲ್ಲಿ ಯಾವ ಫೈಲ್ ಎಲ್ಲಿದೆ ಎಂದು ಅವನಿಗೆ ಯಾರೂ ಓದಿ ಹೇಳುವುದಿಲ್ಲ. ಲ್ಯಾಪ್‌ಟಾಪಿನಲ್ಲಾದರೆ ಪಾಠ ನಡೆಸುವವನು ಅವನು, ಪೆನ್‌ಡ್ರೈವಿನಲ್ಲಾದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವನು. ಸೌಂಡ್ ಇಲ್ಲದೆ ಬೋರ್ಡ್ ಮಾತ್ರ ತೋರಿಸಿದರಂತೂ ಅವನು ಹಾಲಿನಲ್ಲಿ ಇದ್ದೂ ಇಲ್ಲ. ಅವನು ಹೆಡ್‌ಸೆಟ್ ಸುತ್ತಿ ಚೀಲಕ್ಕೆ ಹಾಕಲು ಹೊರಟಿದ್ದ. "ಐದು ನಿಮಿಷ ಕೊಡು" ಎಂದೆ. ಫೋಲ್ಡರು ತೆರೆಯಲು ಅವನಿಗೆ ಹೇಗೂ ಬೇಕಲ್ಲ ಎಂದು ಹೆಡ್‌ಸೆಟ್ಟನ್ನು ಮತ್ತೆ ಕಿವಿಗೆ ಹಾಕಿಕೊಂಡ.

ಕಂಪ್ಯೂಟರಿನ ಸೌಂಡಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಲ್ಯಾಪ್‌ಟಾಪಿನ ಒಳಗೆ ಚಿತ್ರಕ್ಕೂ ಸೌಂಡಿಗೂ ಬೇರೆ ಬೇರೆ ದಾರಿ. ಪರದೆಯನ್ನು ಟಿವಿಗೆ ಕಳಿಸು ಎಂದರೆ ಪರದೆಯ ಮೇಲಿರುವುದು ಇಡಿಯಾಗಿ ಹೋಗುತ್ತದೆ. ಸೌಂಡ್ ಹಾಗಲ್ಲ. ವೀಡಿಯೊ ಪ್ಲೇಯರ್ ಒಂದು ಸೌಂಡ್ ತರುತ್ತದೆ, ಬ್ರೌಸರ್ ಒಂದು, ವಿಂಡೋಸಿನ ಟಿಂಗ್ ಟಿಂಗ್ ಇನ್ನೊಂದು. ಇವು ಒಂದೊಂದೂ ಯಾವುದಾದರೂ ಒಂದು ಬಾಗಿಲಿನಿಂದ ಹೊರಗೆ ಹೋಗಬೇಕು. ಲ್ಯಾಪ್‌ಟಾಪಿನ ಸ್ಪೀಕರ್ ಒಂದು ಬಾಗಿಲು, ಹೆಡ್‌ಸೆಟ್ ಒಂದು, ಟಿವಿ ಜೋಡಿಸಿದಾಗ ಅದೂ ಒಂದು. ಯಾವ ಬಾಗಿಲನ್ನು "ಡೀಫಾಲ್ಟ್" ಎಂದು ಗುರುತು ಹಾಕಿದೆಯೋ, ಬೇರೆ ಅಪ್ಪಣೆ ಇಲ್ಲದವೆಲ್ಲ ಆ ಬಾಗಿಲಿನಿಂದ ಹೋಗುತ್ತವೆ.

ಹೊರಗೆ ಬಂದ ಮೇಲೆ ಮಾತ್ರ ಎರಡಕ್ಕೂ ಒಂದೇ ಬಸ್ಸು. ಮಿರಾಕಾಸ್ಟಿನಲ್ಲಿ ಚಿತ್ರ ಮತ್ತು ಸೌಂಡ್ ಒಂದೇ ಪ್ರವಾಹದಲ್ಲಿ ಕಟ್ಟಲ್ಪಟ್ಟು ವೈಫೈಯಲ್ಲಿ ಹೋಗುತ್ತವೆ. ಸೌಂಡಿನ ಭಾರವೂ ದೊಡ್ಡದಲ್ಲ. ಮಿರಾಕಾಸ್ಟಿನ ಪ್ರತಿ ಟಿವಿಯೂ ಕಡ್ಡಾಯವಾಗಿ ಒಪ್ಪಿಕೊಳ್ಳಬೇಕಾದ ಒಂದು ಸೌಂಡಿನ ರೂಪ ಇದೆ: ಎರಡು ಚಾನೆಲ್, ಸೆಕೆಂಡಿಗೆ 48,000 ಮಾದರಿಗಳು, ಒಂದೊಂದು ಮಾದರಿಗೆ 16 ಬಿಟ್. ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್ ಆಗುತ್ತದೆ. ಚಿತ್ರಕ್ಕೆ ಇದರ ಎಷ್ಟೋ ಪಾಲು ಹೆಚ್ಚು ಬೇಕು. ಹಾಗಾಗಿ "ಚಿತ್ರ ಚೆನ್ನಾಗಿ ಬಂತು, ವೈಫೈ ವೀಕ್ ಆಗಿ ಸೌಂಡ್ ಬರಲಿಲ್ಲ" ಎಂಬ ಮಾತನ್ನು ನಾನು ನಂಬುವುದಿಲ್ಲ. ಸಿಗ್ನಲ್ ಕೈಕೊಟ್ಟರೆ ಮೊದಲು ತಡವರಿಸುವುದು ಚಿತ್ರ. ಚಿತ್ರ ಬಂದು ಮುಟ್ಟಿದೆ ಎಂದರೆ ಬಸ್ಸು ಬಂದಿದೆ. ಸೌಂಡ್ ಅದರಲ್ಲಿ ಇಲ್ಲ ಎಂದರೆ ಒಂದೋ ಅದು ಬಸ್ಸು ಹತ್ತಿಯೇ ಇಲ್ಲ, ಇಲ್ಲವೇ ಇಳಿದ ಮೇಲೆ ಟಿವಿಯ ಒಳಗೆ ಎಲ್ಲೋ ಸಿಕ್ಕಿಕೊಂಡಿದೆ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತದವನನ್ನು ಬಿ.ಸಿ.ರೋಡಿನಲ್ಲಿ ಹುಡುಕಿದರೆ ಸಿಗುತ್ತಾನೆಯೇ? ನಡುದಾರಿಯನ್ನು ಬಿಟ್ಟು ಎರಡು ತುದಿಗಳನ್ನು ನೋಡಬೇಕು.

ಟಿವಿಯ ತುದಿ ಸುಲಭ. ಟಿವಿಯಲ್ಲಿ ಬೇರೆ ಏನನ್ನಾದರೂ ಹಾಕಿ ನೋಡಿದರಾಯಿತು. ಸೌಂಡನ್ನು ಹೊರಗಿನ ಸೌಂಡ್‌ಬಾರಿಗೋ ಬ್ಲೂಟೂತಿಗೋ ಕಳಿಸುವಂತೆ ಟಿವಿಯ ಸೆಟ್ಟಿಂಗಿನಲ್ಲಿ ಯಾರಾದರೂ ಇಟ್ಟಿದ್ದರೆ ಟಿವಿಯ ಸ್ಪೀಕರ್ ಸುಮ್ಮನಿರುತ್ತದೆ, ಆಗ ಯಾವುದಕ್ಕೂ ಸೌಂಡ್ ಬರುವುದಿಲ್ಲ. ನಾವು ಒಂದು ಚಾನೆಲ್ ಹಾಕಿದೆವು. ವಾಲ್ಯೂಮ್ ನೂರರಲ್ಲಿ ಇದ್ದದ್ದರಿಂದ ವಾರ್ಡನ್ ಸರ್ ಕೋಣೆಯಿಂದ ಹೊರಗೆ ಬಂದರು. ಟಿವಿ ಸರಿ ಇದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಲ್ಯಾಪ್‌ಟಾಪಿನ ತುದಿಯಲ್ಲಿ ಮೊದಲು ನೋಡಬೇಕಾದದ್ದು ಕೆಳಗಿನ ಪಟ್ಟಿಯ ಮೂಲೆಯ ಸ್ಪೀಕರ್ ಚಿತ್ರ. ಅದನ್ನು ಒತ್ತಿದರೆ ವಾಲ್ಯೂಮ್ ಪಟ್ಟಿಯ ಹತ್ತಿರ ಒಂದು ಬಾಣ ಇರುತ್ತದೆ, ಅದರೊಳಗೆ ಬಾಗಿಲುಗಳ ಹೆಸರು. ಹೆಚ್ಚಿನ ಮನೆಗಳಲ್ಲಿ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಟಿವಿಯ ಹೆಸರು ಪಟ್ಟಿಯಲ್ಲಿ ಇರುತ್ತದೆ, ಆದರೆ ಗುರುತು ಲ್ಯಾಪ್‌ಟಾಪಿನ ಸ್ಪೀಕರಿನ ಮೇಲೆ ಇರುತ್ತದೆ. ಟಿವಿಯ ಹೆಸರನ್ನು ಒತ್ತಿದರೆ ಸಾಕು.

ನಮ್ಮಲ್ಲಿ ಗುರುತು ಟಿವಿಯ ಮೇಲೆಯೇ ಇತ್ತು. ವಾಲ್ಯೂಮ್ 80. ಎಲ್ಲವೂ ಸರಿಯಾಗಿಯೇ ಕಾಣಿಸುತ್ತಿತ್ತು. ಸ್ವರ ಮಾತ್ರ ಇಲ್ಲ. ವಾಲ್ಯೂಮ್ ಪಟ್ಟಿಯನ್ನು ಹಿಂದೆ ಮುಂದೆ ಎಳೆದು ನೋಡುತ್ತಿದ್ದೆ. ಆಗ ಗೆಳೆಯ ನನ್ನ ಕೈ ಹಿಡಿದ.

"ಫ್ಯಾನ್ ಆಫ್ ಮಾಡ್ಲಿಕ್ಕೆ ಹೇಳು. ಎಲ್ಲರಿಗೂ ಸುಮ್ನೆ ಇರ್ಲಿಕ್ಕೆ ಹೇಳು."

ನಾಲ್ಕು ಫ್ಯಾನ್ ಆಫ್ ಆಯಿತು. ಫ್ಯಾನುಗಳು ನಿಲ್ಲುವವರೆಗೆ ಯಾರೂ ಮಾತಾಡಲಿಲ್ಲ. ಅವನು ಬಗ್ಗಿ ಕಿವಿಯನ್ನು ಕೀಬೋರ್ಡಿಗೆ ತಾಗಿಸಿದ. "ಈಗ ಆ ಪಟ್ಟಿಯನ್ನು ಎಳಿ" ಎಂದ. ಎಳೆದು ಬಿಟ್ಟೆ. ಟಿಂಗ್ ಎಂದಿತು.

"ಟಿಂಗ್ ಗೋಡೆಯಿಂದ ಬಂತು" ಎಂದ. "ಸರ್ ಮಾತಾಡುದು ಇಲ್ಲಿಂದ, ಕೀಬೋರ್ಡಿನ ಅಡಿಯಿಂದ. ಸಣ್ಣ ಸ್ವರ ಉಂಟು."

ಅಷ್ಟು ಹೊತ್ತೂ ಆ ಟಿಂಗ್ ಟಿವಿಯಿಂದಲೇ ಬರುತ್ತಿತ್ತು. ಹಾಲಿನಲ್ಲಿದ್ದ ಇಪ್ಪತ್ತು ಜನರ ನಲವತ್ತು ಕಣ್ಣುಗಳೂ ಟಿವಿಯ ಮೇಲೆಯೇ ಇದ್ದವು, ಆದರೆ ಅದನ್ನು ಕೇಳಿಸಿಕೊಂಡವನು ಅವನೊಬ್ಬ. ಅವನ ಆ ಒಂದು ಮಾತಿನಲ್ಲಿ ಸಮಸ್ಯೆಯ ಮುಕ್ಕಾಲು ಪಾಲು ಬಗೆಹರಿಯಿತು. ವಿಂಡೋಸಿನ ಸೌಂಡ್ ಟಿವಿಗೆ ಹೋಗುತ್ತಿದೆ ಎಂದರೆ ಟಿವಿಯ ಬಾಗಿಲು ತೆರೆದಿದೆ, ಬಸ್ಸೂ ಸರಿ ಇದೆ. ಪ್ಲೇಯರಿನ ಸೌಂಡ್ ಮಾತ್ರ ಲ್ಯಾಪ್‌ಟಾಪಿನ ಸ್ಪೀಕರಿಗೆ ಹೋಗುತ್ತಿದೆ ಎಂದರೆ ಆ ಒಂದು ಪ್ರೋಗ್ರಾಮಿಗೆ ಯಾರೋ ಬೇರೆ ಅಪ್ಪಣೆ ಕೊಟ್ಟಿದ್ದಾರೆ.

ಆ ಅಪ್ಪಣೆ ಇರುವ ಜಾಗ ವಾಲ್ಯೂಮ್ ಮಿಕ್ಸರ್. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಅದರ ಒಳಗೆ ವಾಲ್ಯೂಮ್ ಮಿಕ್ಸರ್. ವಿಂಡೋಸ್ 10ರಲ್ಲಿ ಸೌಂಡ್ ಪುಟದ ಕೆಳಭಾಗದಲ್ಲಿ ಬೇರೆ ಹೆಸರಿನಲ್ಲಿ ಇದೆ. ಅಲ್ಲಿ ಪ್ರತಿ ಪ್ರೋಗ್ರಾಮಿನ ಎದುರು ಅದರ ಸೌಂಡ್ ಯಾವ ಬಾಗಿಲಿಗೆ ಎಂದು ಬರೆದಿರುತ್ತದೆ. ಒಂದು ಸಂಗತಿ ನೆನಪಿಡಿ: ಪ್ರೋಗ್ರಾಮ್ ಸೌಂಡ್ ಮಾಡುತ್ತಿರುವಾಗಲೇ ನೋಡಬೇಕು. ಪಾಠವನ್ನು ನಿಲ್ಲಿಸಿ ಹೋಗಿ ಹುಡುಕಿದರೆ ಪಟ್ಟಿಯಲ್ಲಿ ಅದರ ಹೆಸರೇ ಕಾಣದಿರಬಹುದು. ಎಲ್ಲಕ್ಕೂ "ಡೀಫಾಲ್ಟ್" ಎಂದಿತ್ತು, ವೀಡಿಯೊ ಪ್ಲೇಯರಿಗೆ ಮಾತ್ರ "ಸ್ಪೀಕರ್ಸ್" ಎಂದಿತ್ತು. ಅದನ್ನು "ಡೀಫಾಲ್ಟ್" ಮಾಡಿದ ಕ್ಷಣ ಸರ್ ಗೋಡೆಯಿಂದ ಮಾತಾಡತೊಡಗಿದರು. ಟಿವಿಯ ವಾಲ್ಯೂಮ್ ಇನ್ನೂ ನೂರರಲ್ಲೇ ಇತ್ತು. ವಾರ್ಡನ್ ಸರ್ ಎರಡನೇ ಸಲ ಬಂದರು.

ಆ ಸೆಟ್ಟಿಂಗ್ ಯಾರ ತಪ್ಪೂ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅವನಿಗೆ ಕಂಪ್ಯೂಟರ್ ಕಲಿಸಿದ ತರಬೇತುದಾರರು ಬೇಕೆಂದೇ ಹಾಗೆ ಇಟ್ಟಿದ್ದರು. ಎನ್‌ವಿಡಿಎಯ ಸ್ವರ ಯುಎಸ್‌ಬಿ ಹೆಡ್‌ಸೆಟ್ಟಿಗೆ, ಪಾಠದ ಸ್ವರ ಲ್ಯಾಪ್‌ಟಾಪಿನ ಸ್ಪೀಕರಿಗೆ. ಹೆಡ್‌ಸೆಟ್ಟನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡರೆ ಆ ಕಿವಿಯಲ್ಲಿ ಕಂಪ್ಯೂಟರ್, ಇನ್ನೊಂದರಲ್ಲಿ ಮೇಷ್ಟ್ರು. ಎರಡೂ ಒಂದೇ ಕಡೆಯಿಂದ ಬಂದರೆ ಒಂದರ ಮೇಲೊಂದು ಬಿದ್ದು ಯಾವುದೂ ಅರ್ಥವಾಗುವುದಿಲ್ಲ. ಒಬ್ಬನೇ ಓದುವವನಿಗೆ ಅದು ಬಹಳ ಒಳ್ಳೆಯ ಏರ್ಪಾಡು. ಟಿವಿಗೆ ಜೋಡಿಸಿ ಇಪ್ಪತ್ತು ಜನರಿಗೆ ಕೇಳಿಸುವ ಯೋಚನೆ ಆಗ ಯಾರಿಗೂ ಇರಲಿಲ್ಲ. ಆದ್ದರಿಂದಲೇ ಆ ಪುಟದಲ್ಲಿರುವ "ರೀಸೆಟ್" ಗುಂಡಿಯನ್ನು ನಾನು ಮುಟ್ಟಲಿಲ್ಲ. ಅದನ್ನು ಒತ್ತಿದರೆ ಎಲ್ಲ ಪ್ರೋಗ್ರಾಮುಗಳ ಏರ್ಪಾಡೂ ಅಳಿಸಿಹೋಗುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ರೀಸೆಟ್ ಒತ್ತುವ ಮೊದಲು ಅಲ್ಲಿ ಏನಿತ್ತು, ಯಾಕಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಪಾಠ ಮುಗಿದ ಮೇಲೆ ಪ್ಲೇಯರನ್ನು ಮತ್ತೆ "ಸ್ಪೀಕರ್ಸ್"ಗೆ ಹಾಕಿಕೊಟ್ಟೆ. ಎರಡನೇ ದಿನದಿಂದ ಅದನ್ನು ಅವನೇ ಮಾಡುತ್ತಿದ್ದಾನೆ. ನನಗಿಂತ ಬೇಗ ಮಾಡುತ್ತಾನೆ.

ಪಾಠದ ಬಗ್ಗೆ ಒಂದು ಮಾತು ಹೇಳಲೇಬೇಕು. ಸರ್ ಅವನಿಗೋಸ್ಕರ ರೆಕಾರ್ಡ್ ಮಾಡಿಸುತ್ತಿದ್ದರಲ್ಲ, ಹಾಗಾಗಿ ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾರೆ. "ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ. ಬೆಲೆ ಹತ್ತು ರೂಪಾಯಿ ಇರುವಾಗ ಒಂದು ಚುಕ್ಕೆ ಇಡ್ತಾ ಇದ್ದೇನೆ. ಈಗ ಎಡದಿಂದ ಬಲಕ್ಕೆ ಇಳಿಜಾರಾಗಿ ಗೆರೆ ಎಳೀತೇನೆ." ಬೋರ್ಡ್ ಮಾತ್ರ ನೋಡಿ ಬರೆದುಕೊಂಡಿದ್ದರೆ ನಮಗೆ ಸಿಗುತ್ತಿದ್ದದ್ದು ಒಂದು ಇಳಿಜಾರು ಗೆರೆ. ಗೆರೆ ಯಾಕೆ ಇಳಿಯುತ್ತದೆ ಎಂಬುದು ಸ್ವರದಲ್ಲಿ ಇತ್ತು. "ಸೌಂಡ್ ಯಾಕೆ" ಎಂದು ಕೇಳಿದ್ದವನೇ ಆ ರಾತ್ರಿ ಮೂರು ಸಲ "ಸ್ವಲ್ಪ ಹಿಂದೆ ಹಾಕು" ಎಂದು ಹೇಳಿಸಿಕೊಂಡ. ಗೆಳೆಯ ಪ್ರತಿ ಸಲವೂ ಸರಿಯಾಗಿ ಅಲ್ಲಿಗೇ ಹಾಕಿದ.

ಮೂರನೆಯ ದಿನ ಒಂದು ತಮಾಷೆ ನಡೆಯಿತು. ಯಾರದೋ ಕಾಲು ತಾಗಿ ಹೆಡ್‌ಸೆಟ್ಟಿನ ವೈರ್ ಕಿತ್ತುಬಂತು. ಹೆಡ್‌ಸೆಟ್ ಇಲ್ಲವಾದ ಕೂಡಲೇ ಎನ್‌ವಿಡಿಎ ಡೀಫಾಲ್ಟ್ ಬಾಗಿಲಿಗೆ ಬಂತು, ಅಂದರೆ ಟಿವಿಗೆ. ಗೋಡೆಯಿಂದ ಒಂದು ಯಂತ್ರದ ಸ್ವರ ಭರಭರನೆ ಏನೇನೋ ಹೇಳತೊಡಗಿತು. ಮುಂದಿನ ಸಾಲಿನವರು ಬೆಚ್ಚಿಬಿದ್ದರು. ಆಮೇಲೆ ಎಲ್ಲರಿಗೂ ನಗು. ನಗು ನಿಂತ ಮೇಲೆ ಒಬ್ಬ ಕೇಳಿದ, "ಇದು ನಿನಗೆ ಅರ್ಥ ಆಗ್ತದಾ?" ಅವನು ವೇಗ ಕಡಿಮೆ ಮಾಡಿ ಮತ್ತೆ ಕೇಳಿಸಿದ. ಫೈಲಿನ ಹೆಸರು, ಅದು ಪಟ್ಟಿಯಲ್ಲಿ ಎಷ್ಟನೆಯದು, ಎಲ್ಲ ಇತ್ತು. ಮತ್ತೆ ವೇಗ ಹೆಚ್ಚಿಸಿದ. ನಮಗೆ ಮಳೆಯ ಸದ್ದಿನ ಹಾಗೆ ಕೇಳಿಸುವುದನ್ನು ಅವನು ಎರಡು ವರ್ಷದಿಂದ ನಮ್ಮ ಪಕ್ಕದಲ್ಲೇ ಕೂತು ಓದುತ್ತಿದ್ದ. ಹೆಡ್‌ಸೆಟ್ ಹಾಕಿಕೊಂಡಿದ್ದದ್ದರಿಂದ ನಮಗೆ ಗೊತ್ತೇ ಆಗಿರಲಿಲ್ಲ. ಆ ದಿನ ಅರ್ಥಶಾಸ್ತ್ರ ಅರ್ಧ ಗಂಟೆ ತಡವಾಗಿ ಶುರುವಾಯಿತು, ಎಲ್ಲರೂ ತಮ್ಮ ಹೆಸರನ್ನು ಟೈಪ್ ಮಾಡಿಸಿ ಅದರ ಬಾಯಲ್ಲಿ ಹೇಳಿಸಿ ನೋಡಬೇಕಿತ್ತು.

ಎನ್‌ವಿಡಿಎಯನ್ನು ಟಿವಿಗೇ ಬಿಟ್ಟರೆ ಆಗುವುದಿಲ್ಲವೇ ಎಂದು ಕೇಳಿದ್ದೆ. ಆಗುವುದಿಲ್ಲ. ವೈರ್ ಇಲ್ಲದೆ ಕಳಿಸಿದಾಗ ಎಲ್ಲವೂ ಸ್ವಲ್ಪ ತಡವಾಗಿ ಮುಟ್ಟುತ್ತದೆ, ಕಟ್ಟಿ ಕಳಿಸಿ ಬಿಚ್ಚಲು ಹೊತ್ತು ಬೇಕಲ್ಲ. ಪಾಠ ಕೇಳುವವರಿಗೆ ಅದು ತಿಳಿಯುವುದಿಲ್ಲ, ಏಕೆಂದರೆ ಚಿತ್ರವೂ ಸೌಂಡೂ ಜೊತೆಯಾಗಿಯೇ ತಡವಾಗುತ್ತವೆ. ಆದರೆ ಕೀ ಒತ್ತಿ, ಸ್ವರ ಕೇಳಿ, ಮುಂದಿನ ಕೀ ಒತ್ತುವವನಿಗೆ ಪ್ರತಿ ಸಲವೂ ಕಾಯಬೇಕಾಗುತ್ತದೆ. "ಕಣ್ಣು ಮುಚ್ಚಿ ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲೂ ಕಾಲಿಗೆ ತಡವಾಗಿ ಸಿಕ್ಕಿದ ಹಾಗೆ" ಎಂದು ಅವನು ಹೇಳಿದ. ಅದಕ್ಕೇ ಎನ್‌ವಿಡಿಎ ಹೆಡ್‌ಸೆಟ್ಟಿಗೆ, ಪಾಠ ಟಿವಿಗೆ. ಎನ್‌ವಿಡಿಎಯ ಸೆಟ್ಟಿಂಗಿನಲ್ಲೇ ಅದರ ಸ್ವರ ಯಾವ ಬಾಗಿಲಿಗೆ ಎಂದು ಆರಿಸಬಹುದು. ಮೊದಲ ರಾತ್ರಿ ನಮ್ಮನ್ನು ಕಾಡಿದ ಪ್ರತ್ಯೇಕ ಬಾಗಿಲಿನ ಏರ್ಪಾಡಿನಿಂದಲೇ ಈಗ ಕೆಲಸ ನಡೆಯುತ್ತಿದೆ.

ತಡದ ವಿಷಯ ಬಂದದ್ದರಿಂದ ಇನ್ನೊಂದು. ಕೆಲವೊಮ್ಮೆ ಟಿವಿಯಲ್ಲಿ ಸೌಂಡ್ ಬರುತ್ತದೆ, ಆದರೆ ತುಟಿಗೂ ಮಾತಿಗೂ ತಾಳ ತಪ್ಪಿರುತ್ತದೆ. ಇದರ ಬಗ್ಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಒಂದು ಶಿಫಾರಸು ಇದೆ. ಸ್ವರ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನರಿಗೆ ಗೊತ್ತಾಗಿಬಿಡುತ್ತದೆ, ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ಗೊತ್ತಾಗುವುದಿಲ್ಲ. ಈ ವ್ಯತ್ಯಾಸ ಯಾಕೆಂದು ಯೋಚಿಸಿದರೆ ಸೊಗಸಾಗಿದೆ. ಸ್ವರ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಕೆಳಗೆ ಬಂದ ಮೇಲೆ ಸದ್ದು ಕೇಳಿಸುತ್ತದೆ. ತಡವಾದ ಸದ್ದು ನಮಗೆ ರೂಢಿ, ಮುಂಚೆ ಬರುವ ಸದ್ದು ಲೋಕದಲ್ಲಿ ಎಲ್ಲೂ ಇಲ್ಲ. ವಿಎಲ್‌ಸಿ ಪ್ಲೇಯರಿನಲ್ಲಿ ಜೆ ಮತ್ತು ಕೆ ಕೀಗಳಿಂದ ಸ್ವರವನ್ನು 50 ಮಿಲಿಸೆಕೆಂಡಿನಷ್ಟು ಹಿಂದೆ ಮುಂದೆ ಸರಿಸಬಹುದು. ಗೆಳೆಯನಿಗೆ ಇದನ್ನು ಹೇಳಿದಾಗ, "ತುಟಿಯ ಚಿಂತೆ ನಿಮಗೆ, ನನಗೆ ಎಲ್ಲ ಯಾವಾಗಲೂ ತಾಳದಲ್ಲೇ ಉಂಟು" ಎಂದು ನಕ್ಕ.

ಆ ವಾರದ ನಂತರ ಸೌಂಡ್ ಬಾರದವರೆಲ್ಲ ನನ್ನನ್ನು ಕರೆಯತೊಡಗಿದರು. ಹೆಚ್ಚಿನವು ಎರಡೇ ನಿಮಿಷದ ಕೆಲಸ. ಒಬ್ಬನ ಮನೆಯಲ್ಲಿ ಕ್ರೋಮ್ ಬ್ರೌಸರಿನಿಂದ ಪರದೆಯನ್ನು ಕಳಿಸುತ್ತಿದ್ದರು. ಅಲ್ಲಿ ಯಾವ ಪರದೆ ಎಂದು ಕೇಳುವ ಕಿಟಕಿಯ ಕೆಳಗೆ ಸೌಂಡನ್ನೂ ಹಂಚಿಕೊಳ್ಳಲೇ ಎಂಬ ಸಣ್ಣ ಗುಂಡಿ ಇರುತ್ತದೆ, ಅದನ್ನು ಯಾರೂ ನೋಡಿರಲಿಲ್ಲ. ಬ್ರೌಸರಿನೊಳಗಿನ ವೀಡಿಯೊ ಮಾತ್ರ ಬೇಕಿದ್ದರೆ ಇಡೀ ಪರದೆಯ ಬದಲು ಆ ಟ್ಯಾಬನ್ನು ಮಾತ್ರ ಕಳಿಸುವುದು ಉತ್ತಮ, ಸೌಂಡ್ ಅದರ ಜೊತೆಗೇ ಹೋಗುತ್ತದೆ.

ಸೆಮಿನಾರ್ ಹಾಲಿನದು ಬೇರೆ ಕಥೆ. ಅಲ್ಲಿ ಹಳೆಯ ಪ್ರೊಜೆಕ್ಟರ್ ಇದ್ದಾಗ ನೀಲಿ ತುದಿಯ ವಿಜಿಎ ಕೇಬಲ್ ಇತ್ತು. 1987ರ ಕಾಲದ ಆ ಕೇಬಲಿನಲ್ಲಿ ಸೌಂಡ್ ಹೋಗುವುದೇ ಇಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಬೇರೆ ವೈರ್ ಹಾಕಿದ್ದರು, ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಹೊಸ ಪ್ರೊಜೆಕ್ಟರ್ ಬಂದು ಎಚ್‌ಡಿಎಂಐ ಕೇಬಲ್ ಹಾಕಿದ ದಿನದಿಂದ ಹಾಲಿನಲ್ಲಿ ಸೌಂಡ್ ನಿಂತಿತು. "ಆಂಪ್ಲಿಫೈಯರ್ ಹೋಯ್ತು" ಎಂದು ರಿಪೇರಿಗೆ ಕೊಡುವ ಮಾತೂ ಆಗಿತ್ತು. ಎಚ್‌ಡಿಎಂಐಯಲ್ಲಿ ಚಿತ್ರ ಮತ್ತು ಸೌಂಡ್ ಎರಡೂ ಹೋಗುತ್ತವೆ. ಕೇಬಲ್ ಚುಚ್ಚಿದಾಗ ಆಚೆ ತುದಿಯ ಯಂತ್ರ ತನಗೆ ಏನೇನು ಸಾಧ್ಯ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುತ್ತದೆ. ನನಗೆ ಸೌಂಡೂ ಬರುತ್ತದೆ ಎಂದು ಪ್ರೊಜೆಕ್ಟರ್ ಹೇಳಿಕೊಂಡಿತು, ವಿಂಡೋಸ್ ನಂಬಿ ಸೌಂಡನ್ನೆಲ್ಲ ಅದಕ್ಕೆ ಕೊಟ್ಟಿತು. ಪ್ರೊಜೆಕ್ಟರಿನ ಒಳಗಿನ ಪುಟ್ಟ ಸ್ಪೀಕರ್ ಮಾಡಿನ ಹತ್ತಿರ ಪಿಸುಗುಟ್ಟುತ್ತಿತ್ತು, ಆಂಪ್ಲಿಫೈಯರಿಗೆ ಏನೂ ಬರುತ್ತಿರಲಿಲ್ಲ. ಮೂಲೆಯ ಬಾಣ ಒತ್ತಿ ಹೆಡ್‌ಫೋನ್ ಆರಿಸಿದೆವು. ಆಂಪ್ಲಿಫೈಯರ್ ರಿಪೇರಿಗೆ ಹೋಗಲಿಲ್ಲ. ಅದೂ ಗೆಳೆಯನ ಉಪಾಯದಿಂದಲೇ ಸಿಕ್ಕಿದ್ದು: ಫ್ಯಾನ್ ಆಫ್ ಮಾಡಿ, ಟಿಂಗ್ ಎಲ್ಲಿಂದ ಬರುತ್ತದೆ ಎಂದು ಕೇಳುವುದು.

ಇದನ್ನೆಲ್ಲ ನೋಡಿದ ವಾರ್ಡನ್ ಸರ್ ಸ್ಟಡಿ ಹಾಲಿನ ಟಿವಿಯ ಪಕ್ಕ ಒಂದು ಕಾಗದ ಬರೆದು ಅಂಟಿಸಲು ಹೇಳಿದರು. ಅರ್ಧ ಪುಟ ಬರೆದೆ. ಬೇರೆ ಚಾನೆಲ್ ಹಾಕಿ ಟಿವಿಯನ್ನು ಪರೀಕ್ಷಿಸಿ, ಫ್ಯಾನ್ ಆಫ್ ಮಾಡಿ ವಾಲ್ಯೂಮ್ ಪಟ್ಟಿ ಎಳೆದು ಟಿಂಗ್ ಎಲ್ಲಿಂದ ಬಂತು ಕೇಳಿ, ಲ್ಯಾಪ್‌ಟಾಪಿನಿಂದ ಬಂದರೆ ಮೂಲೆಯ ಬಾಣ, ಟಿವಿಯಿಂದ ಬಂದರೆ ವಾಲ್ಯೂಮ್ ಮಿಕ್ಸರ್, ರೀಸೆಟ್ ಒತ್ತಬೇಡಿ, ಮುಗಿದ ಮೇಲೆ ಇದ್ದ ಹಾಗೆ ಇಡಿ. ಅಕ್ಷರ ದುಂಡಗೆ ಬರಲೆಂದು ಎರಡು ಸಲ ಬರೆದೆ.

ಅಂಟಿಸುವಾಗ ಗೆಳೆಯ ಪಕ್ಕದಲ್ಲೇ ನಿಂತಿದ್ದ. ಕಾಗದದ ಮೇಲೆ ಒಂದು ಸಲ ಕೈಯಾಡಿಸಿ, "ಇದನ್ನು ನನಗೆ ಓದುದು ಯಾರು?" ಎಂದು ಕೇಳಿದ. ಆ ರಾತ್ರಿ ಅವನ ಲ್ಯಾಪ್‌ಟಾಪಿನ ಮುಂದೆ ಕೂತು ಅದೇ ಅರ್ಧ ಪುಟವನ್ನು ಓದಿ ರೆಕಾರ್ಡ್ ಮಾಡಿದೆವು. ಮಿಕ್ಸರಿನ ಪುಟಕ್ಕೆ ಮೌಸ್ ಇಲ್ಲದೆ, ಯಾವ ಯಾವ ಕೀಗಳಿಂದ ಹೋಗಬೇಕು ಎಂಬುದನ್ನು ಅವನೇ ಹೇಳಿದ. ನನ್ನ ಕಾಗದದಲ್ಲಿ ಅದಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡಿನ ಫೈಲ್. ಅದನ್ನು ಅವನು ಅರ್ಥಶಾಸ್ತ್ರದ ಫೋಲ್ಡರಿನ ಮೊಟ್ಟಮೊದಲ ಫೈಲಾಗಿ ಇಟ್ಟುಕೊಂಡಿದ್ದಾನೆ. ಬೇಕಾದವರು ಪೆನ್‌ಡ್ರೈವ್ ತೆಗೆದುಕೊಂಡು ಹಾಸ್ಟೆಲಿಗೆ ಬರಬಹುದು.